ಹುಳು ಹಣ್ಣಾದ ದಿನ ಬಂದ ಅಕ್ಕ

ಅವರ ಎಡಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಯಾವಾಗಲೋ ಅಂಗಡಿಯ ಷಟರ್ ಬಿದ್ದು ಜಜ್ಜಿದ್ದು. ಆ ಬೆರಳೊಂದನ್ನು ಎತ್ತಿ ಹಿಡಿದು, ಉಳಿದವುಗಳಲ್ಲಿ ಅವರು ಟೈಪ್ ಮಾಡುವ ವೇಗ ನೋಡಲೆಂದೇ ನಾವು ಕೆಲವರು ಶಿಡ್ಲಘಟ್ಟದ ಆ ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಸೆಂಟರ್ ನಡೆಸುತ್ತಿದ್ದ ಅವರು ಎಲ್ಲರಿಗೂ ಅಕ್ಕ. ತವರು ಆಂಧ್ರದ ಕಡೆ. ಏನೇ ಆದರೂ ಮೊದಲು ತೆಲುಗಿನಲ್ಲಿ ‘ಪರವಾಲೇದಮ್ಮ’, ಪರವಾಗಿಲ್ಲ, ಅನ್ನುತ್ತಿದ್ದರು. ಕರೆಂಟು ಹೋದರೂ ಪರವಾಲೇದು, ಪ್ರಿಂಟರು ಕಾಗದ ನುಂಗಿದರೂ ಪರವಾಲೇದು.

ಆಗ ನಾನು ಹತ್ತನೇ ಕ್ಲಾಸು. ಜಂಗಮಕೋಟೆ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳಗ್ಗೆ ಹುಳಕ್ಕೆ ಸೊಪ್ಪು ಹಾಕಿಯೇ ಬಸ್ಸು ಹತ್ತುತ್ತಿದ್ದೆ. ಯಾರೋ ಮೊಬೈಲಿನಲ್ಲಿ ಕದ್ದು ತೆಗೆದ ನನ್ನ ಫೋಟೊ ಹಾಕಿ, ಇಂಟರ್‌ನೆಟ್ಟಿನಲ್ಲಿ ನನ್ನ ಹೆಸರಿನದೇ ಒಂದು ಪುಟ ಮಾಡಿದ್ದರು. ‘ಹುಳದ ವಾಸನೆ’ ಅಂತ ಶುರುವಾಗಿ, ಇಲ್ಲಿ ಬರೆಯಲಾಗದ ಮಾತುಗಳವರೆಗೆ ಹೋಗಿತ್ತು. ಅರ್ಧ ಸ್ಕೂಲು ಬಂದು ಅದರ ಕೆಳಗೆ ಬರೆದಿತ್ತು. ಹೊಟ್ಟೆನೋವೆಂದು ನಾಲ್ಕು ದಿನ ಮನೆಯಲ್ಲೇ ಬಿದ್ದುಕೊಂಡೆ. ಅಪ್ಪನಿಗೆ ಗೊತ್ತಾದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಚಿಕ್ಕಪ್ಪನ ಮಗಳಿಗೆ ಯಾರೋ ಕಾಗದ ಬರೆದರೆಂದು ಅವಳನ್ನು ಆಗಲೇ ಸ್ಕೂಲು ಬಿಡಿಸಿದ್ದರು.

ಐದನೇ ದಿನ ಸ್ಕೂಲಿಗೆಂದು ಹೊರಟವಳು ಸೆಂಟರಿಗೆ ಹೋಗಿ, ಪ್ಲೈವುಡ್ಡಿನ ಮರೆಯಲ್ಲಿ ಕೂತು, ಬಾಯಿಗೆ ಬಂದ ಬೈಗುಳವನ್ನೆಲ್ಲ ಟೈಪ್ ಮಾಡತೊಡಗಿದೆ. ಅಕ್ಕ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಎಲ್ಲ ಓದಿದರು. ಅವತ್ತು ಪರವಾಲೇದು ಅನ್ನಲಿಲ್ಲ.

“ಬೈಬೇಡ ಕಣಮ್ಮ. ನೀನು ಬೈದ್ರೆ ಅವ್ರಿಗೆ ಇನ್ನೂ ಮಜಾ” ಎಂದು ಕೀಬೋರ್ಡು ಪಕ್ಕಕ್ಕೆ ಸರಿಸಿದರು. ಒಂದೊಂದನ್ನೂ ಪ್ರಿಂಟ್ ತೆಗೆದು ಮೇಲೆ ತಾರೀಖು, ಸಮಯ ಬರೆದರು. ಪುಟ ತೆಗೆಯಿರೆಂದು ಆ ವೆಬ್‌ಸೈಟಿನವರಿಗೆ ದೂರು ಕಳಿಸಿದರು. ಆಮೇಲೆ, ಬಂದವರೆಲ್ಲ ಹೆಸರು ಬರೆಯುವ ತಮ್ಮ ರಿಜಿಸ್ಟರನ್ನು ತಿರುವಿ, ಒಂದು ತಾರೀಖಿನ ಮೇಲೆ ಬೆರಳಿಟ್ಟು ಹೆಸರುಗಳನ್ನು ಓದಿಕೊಂಡರು.

“ಮನೇಲಿ ಹೇಳ್ಬೇಕು” ಅಂದರು.

“ಬೇಡ ಅಕ್ಕ, ಅಪ್ಪ ಸ್ಕೂಲು ಬಿಡಿಸ್ತಾರೆ.”

“ಹುಳು ಯಾವಾಗ ಹಣ್ಣಾಗ್ತವೆ?”

“ಭಾನುವಾರ.”

“ಅವತ್ತು ನಾನೇ ಬರ್ತೀನಿ.”

ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮನೆಯವರು ಯಾರೂ ಎದ್ದು ಹೋಗುವಂತಿಲ್ಲ. ತಡವಾದರೆ ಅವು ಸಿಕ್ಕಲ್ಲೇ ಗೂಡು ಕಟ್ಟಿಬಿಡುತ್ತವೆ. ಸಹಾಯಕ್ಕೆ ಬಂದವರನ್ನು ಬೇಡವೆನ್ನುವಂತೆಯೂ ಇಲ್ಲ. ಅಕ್ಕ ಸೆರಗು ಸಿಕ್ಕಿಸಿ, ಅಪ್ಪನ ಎದುರೇ ಕೂತು, ಹುಳು ಆರಿಸುತ್ತಲೇ ಎಲ್ಲವನ್ನೂ ಹೇಳಿದರು. ಅಪ್ಪನ ಮುಖ ಕೆಂಪಾಯಿತು. ಎದ್ದು ಕೂಗಾಡೋಣವೆಂದರೆ ಕೈತುಂಬ ಹುಳು.

“ಯಾರು ಮಾಡಿದ್ದು?” ಅಂದರು ಅಪ್ಪ.

“ಇವಳದೇನೂ ತಪ್ಪಿಲ್ಲ ಅಂತ ಮೊದ್ಲು ನೀವು ಹೇಳಣ್ಣ. ಆಮೇಲೆ ಹೆಸರು ಹೇಳ್ತೀನಿ. ಇಬ್ರು ಹುಡುಗ್ರು, ನಮ್ಮ ಅಂಗಡೀಲೇ ಕೂತು ಮಾಡವ್ರೆ. ನೋಡ್ದೇ ಹೋಗಿದ್ದು ನನ್ನ ತಪ್ಪು.”

ಅಪ್ಪ ಒಂದು ಚಂದ್ರಿಕೆ ತುಂಬಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ, “ಇವಳದೇನಿದೆ ತಪ್ಪು” ಅಂದರು.

ಮರುದಿನ ಅಪ್ಪ, ಅಕ್ಕ ಇಬ್ಬರೂ ಪ್ರಿಂಟ್ ಹಿಡಿದು ಹೆಡ್‌ಮಾಸ್ಟರ ಬಳಿ ಹೋದರು. ಅವರು ಆ ಹುಡುಗರ ಮನೆಯವರನ್ನು ಕರೆಸಿದರು. ವಾರದೊಳಗೆ ಪುಟ ಹೋಯಿತು. ನಾನು ಬಂದರೆ ಮೂಗು ಮುಚ್ಚಿಕೊಳ್ಳುವವರು ಮಾತ್ರ ಇನ್ನಷ್ಟು ದಿನ ಇದ್ದರು. ಅಕ್ಕ ಸೆಂಟರಿನ ಪ್ಲೈವುಡ್ ಮರೆಗಳನ್ನೆಲ್ಲ ಕೀಳಿಸಿ, ಕಂಪ್ಯೂಟರುಗಳನ್ನು ಬೀದಿಯ ಕಡೆಗೆ ತಿರುಗಿಸಿಬಿಟ್ಟರು. ಹಾಗಾದ ಮೇಲೆ ಗಿರಾಕಿಗಳು ಎಲ್ಲಿ ಬರುತ್ತಾರೆ? ಎರಡು ವರ್ಷಕ್ಕೆ ಅಂಗಡಿ ಮುಚ್ಚಿ ತವರಿನ ಕಡೆ ಹೊರಟುಹೋದರು. ನಾನಾಗ ಚಿಂತಾಮಣಿಯಲ್ಲಿ ಪಿಯುಸಿ ಓದುತ್ತಿದ್ದೆ. ಹೋಗುವಾಗ ನೋಡಲೂ ಸಿಗಲಿಲ್ಲ.

ಈಗ ನಾನೇ ಟೀಚರು. ಫೋನು ಹಿಡಿದು ಅಳುತ್ತ ಬರುವ ಹುಡುಗಿಯರನ್ನು ಕಂಡಾಗಲೆಲ್ಲ ಅಕ್ಕ ಪಕ್ಕದಲ್ಲಿ ಇರಬೇಕಿತ್ತು ಅನ್ನಿಸುತ್ತದೆ. ಶಿಡ್ಲಘಟ್ಟಕ್ಕೆ ಹೋದರೆ ಕಾಲು ತಾನಾಗಿ ಆ ಬೀದಿಗೇ ತಿರುಗುತ್ತದೆ.

ಅವರು ತೀರಿಕೊಂಡ ಸುದ್ದಿ ಹೋದ ವರ್ಷ ತಿಳಿಯಿತು. ಅಪ್ಪನಿಗೆ ಹೇಳಿದೆ. ಅವರು, “ಆಯಮ್ಮ ಬರೋ ಹಿಂದಿನ ದಿನಾನೇ ನನಗೆ ವಿಷಯ ಗೊತ್ತಾಗಿತ್ತು ಕಣಮ್ಮ. ಸೋಮವಾರ ಸ್ಕೂಲಿಗೋಗಿ ನಿನ್ನ ಟೀಸಿ ಈಸ್ಕೊಂಡು ಬರೋಣ ಅಂತಿದ್ದೆ” ಅಂದರು.