ನಲವತ್ತೊಂದನೆಯ ಡ್ರಮ್ಮು

ಕುಷ್ಟಗಿ ಕಡೆಯ ಗಾಣಿಗ ಹುಲಗಪ್ಪ ಎಣ್ಣೆಗೆ ಬೆರಳದ್ದಿ ಮೂಸಿದನೆಂದರೆ ಬೆರಕೆ ಮಾಡಿದವನ ಮುಖ ಬಿಳುಚುತ್ತಿತ್ತು. ಅವನ ಮಗಳು ಗಿರಿಜವ್ವ ಓಣಿಯ ತುದಿಯಲ್ಲಿ ನಿಂತೇ ಯಾರ ಮನೆಯ ಒಗ್ಗರಣೆ ಸೀಯುತ್ತಿದೆಯೆಂದು ಹೆಸರು ಹಿಡಿದು ಕೂಗುತ್ತಿದ್ದಳು. ಆ ಗಿರಿಜವ್ವನ ಮಗ ವಿರುಪಾಕ್ಷಪ್ಪ ಅದೇ ಮೂಗು ಹೊತ್ತು ಮುಂಬಯಿ ಬಳಿಯ ಡೊಂಬಿವಲಿಗೆ ಬಂದು, ಕೆಮಿಕಲ್ ಕಾರ್ಖಾನೆಯೊಂದರ ಗೋದಾಮು ಸೇರಿದ.

ಚೀಟಿ ಕಿತ್ತುಹೋದ ಡ್ರಮ್ಮು ಬಂದರೆ ಮ್ಯಾನೇಜರ್ ಮಧ್ವರಾಜ ಇವನನ್ನೇ ಕರೆಯುತ್ತಿದ್ದ. "ಲ್ಯಾಬಿಗೆ ಕಳಿಸಿದ್ರೆ ಎರಡು ದಿನ ಬೇಕು ಮಾರಾಯ. ನಿನ್ನ ಮೂಗು ಉಂಟಲ್ಲ."

ವಿರುಪಾಕ್ಷಪ್ಪ ಹಿಗ್ಗಿ ಹೀರೇಕಾಯಿಯಾಗಿ ಮುಚ್ಚಳ ತಿರುವುತ್ತಿದ್ದ, ಮೂಸುತ್ತಿದ್ದ, ಒಳಗಿನದರ ಹೆಸರು ಹೇಳುತ್ತಿದ್ದ. ಹದಿನಾರು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಹೋದ ಶ್ರಾವಣದಲ್ಲಿ ಒಂದು ನೀಲಿ ಡ್ರಮ್ಮಿಗೆ ಮೂಗು ಹಚ್ಚಿದವನು ಅಲ್ಲೇ ಕುಸಿದ. ಮನೆಗೆ ಬಂದ ಮೇಲೆ ಹೆಂಡತಿ ಸತ್ಯಮ್ಮ ರೊಟ್ಟಿಗೆ ಬೆಳ್ಳುಳ್ಳಿ ಖಾರ ಹಚ್ಚಿ ಕೊಟ್ಟಳು. ಖಾರ ನಾಲಿಗೆ ಸುಟ್ಟಿತು, ಬೆಳ್ಳುಳ್ಳಿಯ ವಾಸನೆ ಮಾತ್ರ ಸಿಗಲಿಲ್ಲ.

"ಡ್ರಮ್ಮು ಮೂಸ್ಲಿಕ್ಕೆ ನಿನಗೆ ಯಾರು ಹೇಳಿದ್ದು? ನೆಗಡಿ ಇರ್ಬೇಕು" ಎಂದ ಮಧ್ವರಾಜ. ಕಾರ್ಖಾನೆಯ ಕಾಗದದಲ್ಲೂ ನೆಗಡಿಯೇ ಆಯಿತು.

ವಿರುಪಾಕ್ಷಪ್ಪ ಪರಿಹಾರಕ್ಕೆಂದು ಕಾರ್ಮಿಕ ಕಚೇರಿಯ ಸಾಹೇಬರಿಗೆ ಅರ್ಜಿ ಬರೆದ. ಮೊಮ್ಮಗಳು ಪ್ರಾಜಕ್ತಾ ಮರಾಠಿಗೆ ತಿರುಗಿಸಿದಳು. ಕಚೇರಿಯ ಗುಮಾಸ್ತ ಓದಿ ನಕ್ಕ. "ಬೈಗುಳ ಛಾನ್, ಚೆನ್ನಾಗಿವೆ ಕಾಕಾ. ನಡೆದದ್ದು ಏನು, ಒಂದು ಸಾಲೂ ಇಲ್ಲ."

ಮರುದಿನವೇ ವಿರುಪಾಕ್ಷಪ್ಪ ಇನ್ನೂರು ಪುಟದ ವಹಿ ತಂದು ಗೆರೆ ಎಳೆದು ಐದು ಮನೆ ಮಾಡಿದ: ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ದಿನಕ್ಕೊಂದು ಡ್ರಮ್ಮು. ಮನೆಯಲ್ಲೇ ಕಣ್ಣು ಮುಚ್ಚಿ ನೆನಪಿನ ಗೋದಾಮಿನೊಳಗೆ ನಡೆದು ಹೋಗಿ, ಅದರ ಮುಂದೆ ನಿಂತು, ಆಮೇಲೆ ಬರೆಯುತ್ತಿದ್ದ. ಏಳನೆಯದು ಹಸಿರು, ಒಂದು ಮಗ್ಗುಲು ತಗ್ಗು. ಮುಚ್ಚಳ ಸಡಿಲಿಸಿದರೆ ಕುಕ್ಕರಿನ ಹಾಗೆ ಸುಸ್ಸೆಂದಿತು. ಬೆರಳಿಗೆ ತಾಗಿದ್ದು ತಣ್ಣಗಾಗಿ ಚರ್ಮ ಬೆಳ್ಳಗಾಯಿತು. ಬಾಯಿ ಮುಚ್ಚಿದ್ದರೂ ತಾಮ್ರದ ರುಚಿ. ಮೂಗಿಗೆ ಕೊಳೆತ ಬಾಳೆಹಣ್ಣು, ಅದರ ಹಿಂದೆ ಬೂಟ್ ಪಾಲಿಶ್.

ನಡುವೆ ಬೈಗುಳ ನುಸುಳಿದರೆ ತಾನೇ ಹೊಡೆದುಹಾಕುತ್ತಿದ್ದ. ಸಿಟ್ಟು ಇಳಿದಿತ್ತೆಂದಲ್ಲ. ಬೈದರೆ ಮಧ್ವರಾಜ ಕೊಡವಿಕೊಂಡು ಹೋಗುತ್ತಾನೆ. ಈ ಬಾಳೆಹಣ್ಣನ್ನು ಹೇಗೆ ಕೊಡವುತ್ತಾನೆ? ಮೂಸದವನಿಗೆ ಇದು ಹೇಗೆ ಗೊತ್ತು ಎಂದು ಸಾಹೇಬರು ಕೇಳಿದಾಗ ಅವನ ಮುಖ ಹೇಗಾದೀತೆಂದು ನೆನೆದು, ರೊಟ್ಟಿಗಿಂತ ಅದನ್ನೇ ಹೆಚ್ಚು ಸವಿಯುತ್ತಿದ್ದ.

"ಅವನ ಮ್ಯಾಲಿನ ಹಗಿ ಇನ್ನ ಎಷ್ಟ ದಿನಾರೀ?" ಸತ್ಯಮ್ಮ ಕೇಳಿದಳು.

"ಡ್ರಮ್ಮು ಮುಗಿಯೂತನಕ."

ನಲವತ್ತೊಂದಕ್ಕೆ ಮುಗಿಯಿತು. ವಹಿಯನ್ನು ಮರಾಠಿಗೆ ತಿರುಗಿಸಲು ಕುಳಿತ ಪ್ರಾಜಕ್ತಾ ಕೊನೆಯ ಪುಟದಲ್ಲಿ ನಿಂತಳು. ನೀಲಿ ಡ್ರಮ್ಮಿನ ಮುಂದೆ ನಾಲ್ಕು ಮನೆ ತುಂಬಿದ್ದವು, ಮೂಗಿನ ಮನೆ ಖಾಲಿ.

"ಅಜ್ಜಾ, ಯೇ ಖಾಲಿ ಕ್ಯೂಂ? ಹೀಗೇ ಕೊಟ್ರೆ ಮತ್ತೆ ನಗ್ತಾರೆ. ನೆಟ್‌ನಲ್ಲಿ ನೋಡಿ ನಾನೇ ತುಂಬ್ತೀನಿ, ದೋ ಮಿನಿಟ್."

ವಿರುಪಾಕ್ಷಪ್ಪ ವಹಿಯ ಮೇಲೆ ಅಂಗೈ ಇಟ್ಟ.

"ಬ್ಯಾಡವ್ವಾ. ನಲವತ್ತು ವಾಸನಿ ನಾ ಬರದೀನಿ. ಇದರದು ಬರಿಯಾಕ ಅಂವ ನನಗ ಮೂಗ ಉಳಿಸಿಲ್ಲ. ಖಾಲಿ ಮನಿ ಖಾಲೀನ ಇರ್ಲಿ, ಸಾಹೇಬರ ಮುಂದ ಮಧ್ವರಾಜ ತಾನ ಬಂದು ತುಂಬಲಿ. ನೀ ಪೆನ್ ಕೆಳಗಿಡು."