ನಾಲ್ಕು ಬೆರಳಿನ ಅಂತರ

ಎಡಗೈಯದೋ ಬಲಗೈಯದೋ ಈಗ ಖಚಿತವಿಲ್ಲ. ದೊಡ್ಡಪ್ಪನ ಒಂದು ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿ, ಅಂಚು ಕಪ್ಪಾಗಿ ಇರುತ್ತಿತ್ತು. ಕಾಫಿ ಗಿಡದ ಬೇಡದ ಚಿಗುರನ್ನು ಅದರಲ್ಲೇ ಚಿವುಟುತ್ತಿದ್ದರು. ಮೀನಿನ ತೊಟ್ಟಿಯ ಗಿಡಗಳನ್ನೂ. ಉಳಿದ ವಿವರಗಳಲ್ಲಿ ಕೆಲವನ್ನು ನಾನು ಆಮೇಲೆ ನನಗೆ ಅನುಕೂಲವಾಗುವಂತೆ ಸೇರಿಸಿಕೊಂಡಿರಬಹುದು.

ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ನಾನು, ತಂಗಿ ಬಾಳೂರಿನಲ್ಲಿ ದೊಡ್ಡಪ್ಪನ ಎಸ್ಟೇಟಿನಲ್ಲೇ ಬೆಳೆದೆವು. ದೊಡ್ಡಮ್ಮ ಕಾಯಿಲೆಯವರು. ನನಗೆ ಒಂದು ವರ್ಷದ ಶಾಲೆ ತಪ್ಪಿದ್ದರಿಂದ ಇಬ್ಬರದೂ ಒಂದೇ ತರಗತಿ. ತೊಂಬತ್ತರ ದಶಕದ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರ, ಅವರು ಹೇಳಿದರು: "ಒಬ್ಬಳು ಚಿಕ್ಕಮಗಳೂರಿನ ಹಾಸ್ಟೆಲಿಗೆ. ಇನ್ನೊಬ್ಬಳು ದೊಡ್ಡಮ್ಮನ್ನ ನೋಡ್ಕೊಂಡು ಮನೇಲಿ. ಯಾರು ಅಂತ ತೊಟ್ಟಿ ಹೇಳುತ್ತೆ."

ಜಗಲಿಯಲ್ಲಿದ್ದ ಆ ಮೀನಿನ ಗಾಜಿನ ತೊಟ್ಟಿಗೆ ಹೊಸ ಮರಳು ತುಂಬಿಸಿ, ಇಬ್ಬರಿಗೂ ಅರ್ಧರ್ಧ ಜಾಗ ಕೊಟ್ಟರು. ಮಂಗಳೂರಿನಿಂದ ತರಿಸಿದ ನೀರುಗಿಡಗಳು ಬಕೆಟ್ಟಿನಲ್ಲಿದ್ದವು. ಹೊಸ ತೋಟಕ್ಕೆ ಗೂಟ ಹೊಡೆಯುವಾಗ ಗುರುತಿನ ಹಗ್ಗ ಎಳೆಯುತ್ತಾರಲ್ಲ, ಹಾಗೆ ನಾಲ್ಕು ಬೆರಳಿಗೊಂದು ಗಂಟು ಹಾಕಿದ ದಾರವನ್ನೂ ಕೊಟ್ಟರು. "ಗಿಡಕ್ಕೆ ಗಿಡ ತಾಗಬಾರದು. ತಾಗಿದ್ರೆ ಎರಡೂ ಹಾಳು. ಮನುಷ್ಯರೂ ಅಷ್ಟೆ."

ನಾನು ಗಂಟಿಗೊಂದರಂತೆ ನೆಟ್ಟೆ. ತಂಗಿ ದಾರ ಬದಿಗಿಟ್ಟು, ಉಳಿದಷ್ಟನ್ನೂ ಒತ್ತೊತ್ತಾಗಿ ನೆಟ್ಟಳು. "ಹಳ್ಳದಲ್ಲಿ ನೋಡಿಲ್ವೇನೇ ಅಕ್ಕ? ಅಲ್ಲಿ ದಾರ ಹಿಡಿದೋರು ಯಾರು?" ಎಂದು ನಕ್ಕಳು.

ಮೂರನೇ ವಾರಕ್ಕೆ ನನ್ನ ಸಾಲುಗಳ ನಡುವಿನ ಬರಿ ಮರಳಿಗೆ ಪಾಚಿ ಹಬ್ಬಿತು. ದೊಡ್ಡಪ್ಪ ತೋಟದಿಂದ ಬರುವ ಮೊದಲೇ ಹಳೆಯ ಬ್ರಷ್ಷಿನಲ್ಲಿ ಉಜ್ಜಿಬಿಡುತ್ತಿದ್ದೆ. ತಂಗಿಯ ಗಿಡಗಳು ನೀರಿನ ಮೇಲ್ಮೈ ಮುಟ್ಟಿದ್ದವು. ನಾನು ಉಜ್ಜಿದ ಪಾಚಿ ತೇಲಿಹೋಗಿ ಅವಳ ಎಲೆಗಳಿಗೆ ಅಂಟಿಕೊಂಡಿತು.

ಫಲಿತಾಂಶದಲ್ಲಿ ಇಬ್ಬರೂ ಪಾಸಾದೆವು. ದೊಡ್ಡಪ್ಪ ತೊಟ್ಟಿಯ ಮುಂದೆ ಕುರ್ಚಿ ಎಳೆದು ಕೂತರು.

"ಇದೇನೇ ಮಾರಾಯ್ತಿ, ಸಸಿಮಡಿ ಮಾಡಿದೀಯಾ?" ಎಂದು ತಂಗಿಯನ್ನು ಕೇಳಿ, ಅವಳ ಎಲೆಯಿಂದ ಬೆರಳಿಗೆ ಹತ್ತಿದ ಪಾಚಿ ತೋರಿಸಿದರು.

"ಅದು ಅಕ್ಕನ ಕಡೆಯಿಂದ ಬಂದಿದ್ದು ದೊಡ್ಡಪ್ಪ."

ಅವರು ನನ್ನತ್ತ ತಿರುಗಿದರು. "ಹೌದೇನೇ?"

"ನಂಗೊತ್ತಿಲ್ಲ" ಎಂದೆ.

ದೊಡ್ಡಪ್ಪ ತೋಳು ಮುಳುಗಿಸಿ ಅವಳ ಗಿಡಗಳನ್ನು ಒಂದೊಂದಾಗಿ ಕಿತ್ತು ನೆಲಕ್ಕೆಸೆದರು. ಕಿತ್ತ ಪ್ರತಿ ಗಿಡಕ್ಕೂ ಅವಳಿಂದ "ತಪ್ಪಾಯ್ತು" ಹೇಳಿಸಿದರು. ದನಿ ಸಣ್ಣದಾದಾಗ "ಕೇಳಿಸ್ಲಿಲ್ಲ" ಎಂದರು. ಕೊನೆಗೆ ಪೊರಕೆಯನ್ನು ಅವಳ ಕೈಗೇ ಕೊಟ್ಟರು.

ನಾನು ಹಾಸ್ಟೆಲಿಗೆ ಹೋದೆ. ದೊಡ್ಡಪ್ಪ ಜೀಪಿನಲ್ಲಿ ಬಂದು, ನನ್ನ ಮಂಚದ ಮೇಲೆ ಕೂತು, ಪುಸ್ತಕಗಳಿಗೆಲ್ಲ ತಾವೇ ಕಾಗದದ ಹೊದಿಕೆ ಹಾಕುತ್ತಿದ್ದರು. ಒಂದು ಮಡಿಕೆಯೂ ಸೊಟ್ಟಗಿರುತ್ತಿರಲಿಲ್ಲ. ಮುಂದೆ ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದೆ. ತೊಟ್ಟಿಯಲ್ಲಿ ಮೊದಲಿಂದಲೇ ದಟ್ಟವಾಗಿ ನೆಡಬೇಕು, ಇಲ್ಲದಿದ್ದರೆ ಖಾಲಿ ಜಾಗವನ್ನು ಪಾಚಿ ಹಿಡಿಯುತ್ತದೆ ಎಂದು ತಿಳಿದದ್ದು ಅವರು ಕೊಡಿಸಿದ ಓದಿನಿಂದಲೇ. ಅದನ್ನು ಅವರಿಗೆ ಹೇಳಲಿಲ್ಲ. ಬಂದವರಿಗೆಲ್ಲ ಅವರು ನನ್ನನ್ನು ತೋರಿಸಿ, "ಅಳತೆ ಗೊತ್ತಿರೋ ಹುಡುಗಿ" ಎನ್ನುತ್ತಿದ್ದರು.

ಕೆಲವು ವರ್ಷಗಳ ನಂತರ ಲಕ್ವ ಹೊಡೆದು ಹಾಸಿಗೆ ಹಿಡಿದರು. ತಂಗಿಯೇ ತಿನ್ನಿಸಿ, ತೊಳೆದು, ಮಗ್ಗುಲು ಬದಲಿಸುತ್ತಿದ್ದಳು. "ಗಂಜೀನೂ ಒತ್ತೊತ್ತಾಗಿ ತುರುಕ್ತಾಳೆ ನೋಡು" ಎಂದು ನನ್ನೆದುರೇ ಸೊಟ್ಟ ಬಾಯಲ್ಲಿ ನಕ್ಕರು. ನಾನೂ ನಕ್ಕೆ ಎಂದು ನೆನಪು. ಇದೊಂದು ತಪ್ಪು ನೆನಪಾಗಿದ್ದರೆ ಒಳ್ಳೆಯದಿತ್ತು.

ಅವರು ತೀರಿಕೊಂಡ ಮೇಲೆ, ತಿಥಿಯ ದಿನ, ಉಗ್ರಾಣದಲ್ಲಿ ತಂಗಿಯನ್ನು ಕೇಳಿದೆ: "ನಾನು ದಿನಾ ಪಾಚಿ ಉಜ್ತಿದ್ದದ್ದು ನಿಂಗೆ ಗೊತ್ತಿತ್ತಲ್ಲ. ಆವತ್ತು ಅಕ್ಕನ ಕಡೆಯಿಂದ ಬಂತು ಅಂದು ಅಷ್ಟಕ್ಕೇ ಯಾಕೆ ನಿಲ್ಲಿಸ್ದೆ?"

"ಎಲೆ ಎಣಿಸ್ತಿದೀನಿ, ಸುಮ್ನಿರು" ಎಂದಳು. ಊಟಕ್ಕೆ ಬೇಕಾದಷ್ಟು ಬಾಳೆಲೆ ಎಣಿಸಿ ಕಟ್ಟು ಮಾಡಿ, ಎತ್ತಿಕೊಂಡು ಹೊರಗೆ ಹೋದಳು.