ನನ್ನ ಕುಡ್ತೆ, ಪ್ರಭಾಳ ತೂಕ

ನಮ್ಮ ಸುಪ್ರಸಾದ ಹೋಟೆಲಿಗೆ ಈ ವರ್ಷ ನಲವತ್ತು ತುಂಬುತ್ತದೆ. ಅದಕ್ಕೊಂದು ಸ್ಮರಣ ಸಂಚಿಕೆ ಬರುತ್ತದಂತೆ. ಅದರಲ್ಲಿ ಪ್ರಭಾಳ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಧಣಿಗಳ ಮಗ ಕಶ್ಯಪ ನನಗೆ ಹೇಳಿದ್ದಾನೆ. ಅವಳನ್ನು ಎಲ್ಲರಿಗಿಂತ ಹೆಚ್ಚು ಕಾಲ ನೋಡಿದವರು ನೀವೇ ಎಂಬುದು ಅವನು ಕೊಟ್ಟ ಕಾರಣ. ಮಾತು ಸರಿಯೇ. ಹದಿನಾಲ್ಕು ವರ್ಷ ನೋಡಿದ್ದೇನೆ, ಅದೂ ಹೊಟ್ಟೆ ಉರಿದುಕೊಂಡು ನೋಡಿದ್ದೇನೆ. ಪ್ರೀತಿಯಿಂದ ನೋಡುವವರಿಗೆ ಅರ್ಧ ಕಾಣುವುದೇ ಇಲ್ಲ. ಮತ್ಸರ ಇದ್ದವನ ಕಣ್ಣಿಗೆ ಸಾಸಿವೆ ಕಾಳೂ ತಪ್ಪುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ನನಗಿಂತ ಯೋಗ್ಯರು ಬೇರೆ ಇಲ್ಲ.

ಮೊದಲು ನಾನು ಯಾರೆಂದು ಹೇಳಬೇಕು. ಹೆಸರು ವಿಷ್ಣುಮೂರ್ತಿ ಭಟ್ಟ, ಮನೆ ಡೊಂಬಿವಲಿಯಲ್ಲಿ. ಠಾಣೆಯ ವರ್ತಕ ನಗರದಲ್ಲಿರುವ ನಮ್ಮ ಮೂಲ ಹೋಟೆಲಿನ ಅಡುಗೆಮನೆಯನ್ನು ಇಪ್ಪತ್ತೇಳು ವರ್ಷ ನಡೆಸಿದವನು. ಅಲ್ಲಿಯ ಸಾಂಬಾರು ನನ್ನದು. ಅದಕ್ಕಾಗಿ ಮುಲುಂಡಿನಿಂದ ರಿಕ್ಷಾ ಮಾಡಿಕೊಂಡು ಬರುವವರಿದ್ದಾರೆ. ಸಾಂಬಾರಿನ ಹುಡಿಯನ್ನು ಎಲ್ಲರೂ ಕೂಡಿಯೇ ಹುರಿದು ಮಾಡುತ್ತೇವೆ, ಅದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಇದ್ದದ್ದು ಅಳತೆಯಲ್ಲಿ. ದೊಡ್ಡ ಪಾತ್ರೆ ಸಾಂಬಾರಿಗೆ ನಾಲ್ಕು ಕುಡ್ತೆ ಹುಡಿ. ಕುಡ್ತೆ ಎಂದರೆ ನಮ್ಮೂರ ಕಡೆಯ ಅಳತೆ ಲೋಟ. ಹೋಟೆಲಿನಲ್ಲಿ ಸ್ಟೀಲಿನ ಕುಡ್ತೆಗಳು ಆರೇಳು ಇದ್ದವು, ಆದರೆ ನಾನು ಅಳೆಯುತ್ತಿದ್ದದ್ದು ಊರಿನಿಂದ ತಂದ ನನ್ನದೇ ಹಿತ್ತಾಳೆಯ ಕುಡ್ತೆಯಲ್ಲಿ. ಅದು ಒಮ್ಮೆ ರುಬ್ಬುವ ಕಲ್ಲಿನ ಮೇಲೆ ಬಿದ್ದು ತಳ ಒಳಕ್ಕೆ ಉಬ್ಬಿತ್ತು. ಉಳಿದವುಗಳಿಗಿಂತ ಅದರಲ್ಲಿ ಹಿಡಿಯುವುದು ಕಡಿಮೆ. ಈ ವಿಷಯ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಪ್ರಭಾ ಬಂದದ್ದು ತರಕಾರಿ ಹೆಚ್ಚಲಿಕ್ಕೆ. ಊರು ಹಿರಿಯಡಕದ ಕಡೆ, ಇರುವುದು ಕಲ್ಯಾಣದಲ್ಲಿ. ಗಂಡ ಯಜ್ಞೇಶ್ವರ ಅಲ್ಲೇ ಒಂದು ಕೊರಿಯರ್ ಆಫೀಸಿನಲ್ಲಿ ಗುಮಾಸ್ತ. ಬೆಳಗಿನ ಲೋಕಲ್ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೊಂದಿಗೂ ಹೆಚ್ಚು ಮಾತಾಡದೆ ಬೀನ್ಸ್ ಹೆಚ್ಚುತ್ತಿದ್ದಳು. ಒಂದು ತಿಂಗಳಲ್ಲಿ ಇಡ್ಲಿ ಹಿಟ್ಟಿನ ಹದ ಕಲಿತಳು, ಮೂರು ತಿಂಗಳಲ್ಲಿ ದೋಸೆ ಕಾವಲಿ ಹಿಡಿದಳು. ಅಲ್ಲಿಯವರೆಗೆ ನನಗೇನೂ ತಕರಾರಿರಲಿಲ್ಲ. ಕಲಿಯಲಿ, ಕಲಿಯುವವರು ಬೇಕು.

ನನ್ನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅವಳ ಇನ್ನೊಂದು ಅಭ್ಯಾಸದಿಂದ. ಬೆಳಿಗ್ಗೆ ತಾನು ಕಲಿತದ್ದನ್ನು ಮಧ್ಯಾಹ್ನದೊಳಗೆ ಇನ್ನೊಬ್ಬರಿಗೆ ಹೇಳಿಕೊಡದಿದ್ದರೆ ಅವಳಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ವಿಜಯಪುರದ ಕಡೆಯ ಮಹಾದೇವಪ್ಪ ಪಾತ್ರೆ ತೊಳೆಯಲು ಬಂದವನು, ನಲವತ್ತು ದಾಟಿದ ಗಂಡಸು. ಅವನನ್ನು ಕಾವಲಿಯ ಮುಂದೆ ನಿಲ್ಲಿಸಿ, ಕೈ ಹಿಡಿಯದೆ, ಬರೀ ಪಕ್ಕದಲ್ಲಿ ನಿಂತುಕೊಂಡು ಎರಡು ತಿಂಗಳಲ್ಲಿ ದೋಸೆಗಾರನನ್ನಾಗಿ ಮಾಡಿದಳು. ಆ ಎರಡು ತಿಂಗಳು ಹಾಳಾದ ದೋಸೆಗಳನ್ನೆಲ್ಲ ತಾನೇ ತಿಂದಳು. ನಾನು ಆ ಕಾವಲಿಯ ಮುಂದೆ ನಿಲ್ಲಲಿಕ್ಕೆ ನಾಲ್ಕು ವರ್ಷ ಬೈಗುಳ ತಿಂದಿದ್ದೆ. ನನಗೆ ಕಷ್ಟದಿಂದ ಸಿಕ್ಕಿದ್ದನ್ನು ಇವಳು ಬಿಟ್ಟಿಯಾಗಿ ಹಂಚುತ್ತಾಳಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಘೋಡಬಂದರ್ ರಸ್ತೆಯಲ್ಲಿ ಎರಡನೆಯ ಹೋಟೆಲು ತೆರೆದಾಗ ಅಲ್ಲಿಯ ಅಡುಗೆಮನೆಯನ್ನು ಹಳೆ ಧಣಿಗಳು ಪ್ರಭಾಳಿಗೆ ಕೊಟ್ಟರು. ನನ್ನನ್ನು ಕರೆದು, ಭಟ್ರನ್ನು ವರ್ತಕ ನಗರದಿಂದ ಎತ್ತಲಿಕ್ಕೆ ಆಗುವುದಿಲ್ಲ, ಎತ್ತಿದರೆ ಸಾಂಬಾರು ಹೋಯಿತು ಎಂದು ಸಮಾಧಾನ ಹೇಳಿದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಮನೆಗೆ ಹೋಗಿ ಹೆಂಡತಿ ಶ್ರೀಲಕ್ಷ್ಮಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, ಹಾಗಾದರೆ ಅವಳು ಮೇಲೆ ಹೋದಳು, ನೀವು ಇದ್ದಲ್ಲೇ ಇದ್ದೀರಿ ಅಲ್ವಾ, ಎಂದು ಕೇಳಿದಳು. ಆ ದಿನ ನಾನು ಊಟ ಮಾಡಲಿಲ್ಲ.

ಧಣಿಗಳ ಮಗ ಕಶ್ಯಪ ಪುಣೆಯಲ್ಲಿ ಎಂಬಿಎ ಮುಗಿಸಿ ಬಂದದ್ದು ಎರಡು ವರ್ಷದ ಹಿಂದೆ. ಹುಟ್ಟಿ ಬೆಳೆದದ್ದು ಠಾಣೆಯಲ್ಲೇ. ಕನ್ನಡ ಮಾತಾಡುತ್ತಾನೆ, ನಡುವೆ ಹಿಂದಿ ತುರುಕುತ್ತಾನೆ. ಬಂದವನು ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದ. ಗಿರಾಕಿಗಳನ್ನು ಹಿಡಿದಿಟ್ಟಿರುವುದು ಗೋಡೆಗೆ ಹಚ್ಚಿದ ಟೈಲ್ಸ್ ಅಲ್ಲ, ನಿಮ್ಮ ತಲೆಯೊಳಗೆ ಇರುವುದು. ನಾಳೆ ನಿಮ್ಮಲ್ಲೊಬ್ಬರು ಊರಿಗೆ ಹೊರಟರೆ ಹೋಟೆಲಿನ ಅರ್ಧ ಬುದ್ಧಿ ಮತ್ಸ್ಯಗಂಧ ರೈಲು ಹತ್ತಿ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನು ಕಾರ್ಡಿನಲ್ಲಿ ಬರೆದು ಅಡುಗೆಮನೆಯಲ್ಲಿ ಹಚ್ಚಬೇಕು. ಪ್ರಭಾ ಮೂವತ್ತೊಂದು ಕಾರ್ಡು ಬರೆದಳು. ನಾನು ಒಂದು ಬರೆದೆ. ಅದರಲ್ಲಿ ‘ದೊಡ್ಡ ಪಾತ್ರೆಗೆ ಹುಡಿ ನಾಲ್ಕು ಕುಡ್ತೆ’ ಎಂದು ಬರೆದೆ. ಯಾವ ಕುಡ್ತೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಳ್ಳನ್ನಂತೂ ಬರೆಯಲಿಲ್ಲ ಎಂದು ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ.

ಆಮೇಲೆ ಬಂತು ಸೀವುಡ್ಸ್ ಸುದ್ದಿ. ಅಲ್ಲಿ ಮೂರನೆಯ ಹೋಟೆಲು, ಎಲ್ಲಕ್ಕಿಂತ ದೊಡ್ಡ ಅಡುಗೆಮನೆ. ಅಲ್ಲಿಯ ಮುಖ್ಯಸ್ಥರ ಮಾತೇ ಮೂರೂ ಕಡೆ ನಡೆಯುತ್ತದೆ. ಆ ಜಾಗ ಪ್ರಭಾಳಿಗೆ ಹೋದರೆ ನನ್ನ ಸಾಂಬಾರಿಗೆ ಅವಳು ಸೈ ಅನ್ನಬೇಕು. ತರಕಾರಿ ಹೆಚ್ಚಲು ಬಂದವಳು. ಆ ಯೋಚನೆ ಬಂದರೆ ಸಾಕು, ಡೊಂಬಿವಲಿ ಗಾಡಿಯಲ್ಲಿ ನಿಂತಲ್ಲೇ ಬೆವರುತ್ತಿದ್ದೆ. ನನಗೆ ಆ ಜಾಗ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಸಿಗಬಾರದಿತ್ತು.

ಕಶ್ಯಪ ಆಯ್ಕೆಗೆ ಮೊದಲು ಒಂದು ಪರೀಕ್ಷೆ ಇಟ್ಟ. ನಾವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಹತ್ತು ದಿನ ರಜೆ ಹೋಗಬೇಕು. ಅಡುಗೆಮನೆಗೆ ಫೋನ್ ಮಾಡಬಾರದು, ಅಲ್ಲಿಯವರೂ ನಮಗೆ ಮಾಡಬಾರದು. ಮೊದಲು ಪ್ರಭಾ ಹೋದಳು. ನಾಲ್ಕನೆಯ ದಿನ ನಾನು ಏನೋ ನೆಪ ಮಾಡಿ ಘೋಡಬಂದರ್ ರಸ್ತೆಗೆ ಹೋಗಿ ನೋಡಿದೆ. ದೋಸೆ ಗರಿಗರಿ, ಚಟ್ನಿ ಸರಿ, ಕೆಲಸದವರ ಮುಖದಲ್ಲಿ ಗಾಬರಿಯೇ ಇಲ್ಲ. ಅವಳು ಇಲ್ಲ ಎಂದು ಯಾರಿಗೂ ಗೊತ್ತೇ ಆಗಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಒಂದು ಕಾಫಿ ಹೆಚ್ಚು ಕುಡಿದೆ. ಇದ್ದರೂ ಇಲ್ಲದಿದ್ದರೂ ಒಂದೇ ಆದವಳನ್ನು ಯಾರು ಮುಖ್ಯಸ್ಥೆ ಮಾಡುತ್ತಾರೆ? ನನ್ನ ರಜೆ ಬರಲಿ, ಆಗ ಗೊತ್ತಾಗುತ್ತದೆ ಎಂದುಕೊಂಡೆ.

ನನ್ನ ರಜೆಯ ಹಿಂದಿನ ದಿನ ಹಿತ್ತಾಳೆ ಕುಡ್ತೆಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಕಾರ್ಡು ನೋಡಿ ಸ್ಟೀಲಿನ ಕುಡ್ತೆಯಲ್ಲಿ ನಾಲ್ಕು ಸಲ ಅಳೆದು ಹಾಕಿದರೆ ಹುಡಿ ಹೆಚ್ಚಾಗುತ್ತದೆ, ಸಾಂಬಾರು ಕಹಿಯಾಗುತ್ತದೆ. ಮುಲುಂಡಿನವರು ಬಟ್ಟಲು ಹಿಂದಕ್ಕೆ ಕಳಿಸುತ್ತಾರೆ. ಮೂರನೆಯ ದಿನಕ್ಕೆ ನಿಯಮ ಮುರಿದು ಕಶ್ಯಪನೇ ಫೋನ್ ಮಾಡುತ್ತಾನೆ. ನಾನು ಎರಡು ಸಲ ರಿಂಗ್ ಆದ ಮೇಲೆ ಎತ್ತುತ್ತೇನೆ. ಇದು ನನ್ನ ಲೆಕ್ಕ.

ಮೂರನೆಯ ದಿನ ಫೋನ್ ಬರಲಿಲ್ಲ. ನಾಲ್ಕನೆಯ ದಿನ ಬಂದದ್ದು ಗ್ಯಾಸಿನವನದ್ದು. ಐದನೆಯ ದಿನ ಶ್ರೀಲಕ್ಷ್ಮಿ ನನ್ನನ್ನು ನೋಡಿ ನೋಡಿ ಬೇಸತ್ತು, ಫೋನು ಕೆಟ್ಟಿಲ್ಲ ಮಾರಾಯ್ರೆ, ಅದನ್ನು ದಿಟ್ಟಿಸಬೇಡಿ ಅಂದಳು. ಆರನೆಯ ದಿನ ನಾನೇ ಹೊರಟೆ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನದೇ ಹೋಟೆಲಿಗೆ ಗಿರಾಕಿಯ ಹಾಗೆ ಹೋಗಿ ಕೈತೊಳೆಯುವ ಜಾಗದ ಪಕ್ಕದ ಮೂಲೆ ಮೇಜಿನಲ್ಲಿ ಕುಳಿತು, ಹೊಸ ವೇಟರನಿಗೆ ಇಡ್ಲಿ ಸಾಂಬಾರು ಹೇಳಿದೆ. ಚೀಲ ತೊಡೆಯ ಮೇಲಿತ್ತು, ಚೀಲದಲ್ಲಿ ಕುಡ್ತೆ ಇತ್ತು.

ಒಂದು ಚಮಚ ಬಾಯಿಗೆ ಹಾಕಿದೆ. ನನ್ನ ಸಾಂಬಾರು. ಹುಳಿ, ಖಾರ, ಇಂಗು, ಕೊನೆಯಲ್ಲಿ ನಾಲಿಗೆಗೆ ಸಿಗುವ ಮೆಂತೆಯ ಎಳೆ, ಎಲ್ಲ ಇದ್ದಲ್ಲೇ ಇತ್ತು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ಕೋಳಿ ಎತ್ತಿಕೊಂಡು ಕಾಡಿಗೆ ಹೋದ ಮುದುಕಿಯ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಗಿಸಿಲ್ಲ. ಆ ಬಟ್ಟಲು ಮುಗಿಸಲು ನನಗೆ ಅರ್ಧ ಗಂಟೆ ಬೇಕಾಯಿತು.

ಮಹಾದೇವಪ್ಪ ನನ್ನನ್ನು ಒಳಗಿನಿಂದಲೇ ನೋಡಿಬಿಟ್ಟಿದ್ದ. ಬಂದು ಎದುರು ಕುಳಿತು ಎಲ್ಲ ಹೇಳಿದ. ಮೊದಲ ದಿನದ ಸಾಂಬಾರು ಕಹಿಯಾಗಿತ್ತಂತೆ. ಅವನು ನನಗೆ ಫೋನ್ ಮಾಡುವಂತಿರಲಿಲ್ಲ, ಪ್ರಭಾಳಿಗೆ ಮಾಡಿದನಂತೆ.

“ಪ್ರಭಕ್ಕ ಮಧ್ಯಾಹ್ನನ ಬಂದ್ರು ನೋಡ್ರಿ ಭಟ್ರ. ನಿಮ್ಮ ಕಾರ್ಡ್ ಓದಿದ್ರು, ನಕ್ಕರು. ಒಂದು ಪಾತ್ರೆಗೆ ಮುನ್ನೂರು ಗ್ರಾಮ್ ತೂಕ ಮಾಡಿ ಹಾಕು ಅಂದ್ರು. ಅಷ್ಟ, ಸರಿ ಆತು.”

ಒಳಗೆ ಹೋಗಿ ನೋಡಿದೆ. ನನ್ನ ಕಾರ್ಡು ಇದ್ದ ಜಾಗದಲ್ಲಿ ಅವಳ ಅಕ್ಷರದ ಹೊಸ ಕಾರ್ಡು. ‘ಹುಡಿ ಮುನ್ನೂರು ಗ್ರಾಮ್’ ಎಂದಿತ್ತು. ಮೇಲೆ ದೊಡ್ಡದಾಗಿ ‘ವಿಷ್ಣುಮೂರ್ತಿ ಭಟ್ಟರ ಸಾಂಬಾರು’ ಎಂದಿತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ. ಬೈದು ಬರೆದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಹತ್ತು ದಿನ ಮುಗಿದ ಮೇಲೆ ಕಶ್ಯಪ ಎಲ್ಲರನ್ನೂ ಸೇರಿಸಿದ. ಎರಡೂ ಅಡುಗೆಮನೆಗಳು ಮುಖ್ಯಸ್ಥರಿಲ್ಲದೆ ಚೆನ್ನಾಗಿ ನಡೆದವು, ಅದೇ ತನಗೆ ಬೇಕಾಗಿದ್ದದ್ದು ಎಂದ. ಆಗ ನನಗೆ ಪರೀಕ್ಷೆ ಏನೆಂದು ಅರ್ಥವಾಯಿತು. ಅಡುಗೆಮನೆ ಕುಸಿದಿದ್ದರೆ ನಾನು ಸೋಲುತ್ತಿದ್ದೆ. ಸೀವುಡ್ಸ್ ವಿಷ್ಣು ಅಂಕಲ್‌ಗೆ ಎಂದು ಅವನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸದವರನ್ನು ಹೇಗೆ ತಯಾರು ಮಾಡಿದಿರಿ ಎಂದು ಎರಡು ಮಾತು ಹೇಳಿ ಎಂದ. ನಾನು ಎದ್ದು ನಿಂತು ಐದು ನಿಮಿಷ ಮಾತಾಡಿದೆ. ಪಕ್ಕದಲ್ಲಿ ನಿಲ್ಲಬೇಕು, ಕೈ ಹಿಡಿಯಬಾರದು, ಹಾಳಾದದ್ದನ್ನು ನಾವೇ ತಿನ್ನಬೇಕು ಎಂದೆಲ್ಲ ಹೇಳಿದೆ. ಒಂದೊಂದು ಮಾತೂ ಅವಳದ್ದು. ಎರಡನೆಯ ಸಾಲಿನಲ್ಲಿ ಕುಳಿತು ಪ್ರಭಾ ತಲೆಯಾಡಿಸಿ ಕೇಳಿದಳು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಾನು ಕುಳಿತುಕೊಂಡೆ.

ಹೊರಗೆ ಬಂದ ಮೇಲೆ ತಡೆಯಲಾಗದೆ ಅವಳನ್ನು ನಿಲ್ಲಿಸಿ, ನನ್ನ ಕುಡ್ತೆಯ ವಿಷಯ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

“ನಾನು ಸೇರಿದ ವರ್ಷ ಅಷ್ಟಮಿಗೆ ಪಾಯಸ ಮಾಡಿದ್ದು ನೆನಪುಂಟಾ ಭಟ್ರೆ? ಗೊತ್ತಿಲ್ಲದೆ ನಿಮ್ಮ ಕುಡ್ತೆಯಲ್ಲಿ ಅಕ್ಕಿ ಅಳೆದು ಹಾಕಿದ್ದೆ. ಪಾಯಸ ನೀರು ನೀರಾಯ್ತು. ಮತ್ತೆ ಅದರಲ್ಲಿ ಹುಡಿ ಎಷ್ಟು ಹಿಡಿಯುತ್ತದೆಂದೂ ತೂಕ ಮಾಡಿ ನೋಡಿದೆ.”

ಹದಿನಾಲ್ಕು ವರ್ಷ ಅವಳಿಗೆ ಗೊತ್ತಿತ್ತು. ಸಿಕ್ಕಿದ್ದನ್ನೆಲ್ಲ ಊರಿಗೆ ಹಂಚುವವಳು ಇದೊಂದನ್ನು ಮಾತ್ರ ನನ್ನ ರಜೆಯವರೆಗೆ ಯಾರಿಗೂ ಹೇಳಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಅದು ನಿಮ್ಮದಲ್ವಾ ಎಂದು ಹೇಳಿ ಕಲ್ಯಾಣದ ಗಾಡಿಗೆ ತಡವಾಯಿತೆಂದು ಹೋದಳು.

ಸೀವುಡ್ಸ್‌ಗೆ ಹೋಗಿ ಎಂಟು ತಿಂಗಳು ನಾನು ಹಳೆಯ ಚಾಳಿಯನ್ನೇ ನಡೆಸಿದೆ. ಹೊಸ ಜನರ ಮುಂದೆ ಬೆನ್ನು ತಿರುಗಿಸಿ ಹಿತ್ತಾಳೆ ಕುಡ್ತೆಯಲ್ಲೇ ಅಳೆದೆ. ಹೋದ ತಿಂಗಳು ಕಶ್ಯಪ ಇಲ್ಲಿಯೂ ಹತ್ತು ದಿನದ ರಜೆಯ ದಿನಾಂಕ ಹೇಳಿದ. ಈ ಸಲ ಅಡುಗೆಮನೆ ಕುಸಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವನ ಕ್ಯಾಬಿನ್ನಿಗೆ ಹೋಗಿ, ವರ್ತಕ ನಗರದಲ್ಲಿ ಜನರನ್ನು ತಯಾರು ಮಾಡಿದ್ದು ನಾನಲ್ಲ, ಸಾಂಬಾರು ಉಳಿಸಿದ್ದೂ ನಾನಲ್ಲ ಎಂದು ಹೇಳಿಬಿಟ್ಟೆ. ಅವನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತುಂಟು ಅಂಕಲ್. ಆ ಕಾರ್ಡ್ ಪ್ರಭಕ್ಕ ನನಗೆ ತೋರಿಸಿಯೇ ಹಚ್ಚಿದ್ದು. ಸೀವುಡ್ಸ್ ಪೆಹಲೆ ಅವರಿಗೇ ಆಫರ್ ಮಾಡಿದ್ದೆ. ಬೇಡ ಅಂದ್ರು. ಕಲ್ಯಾಣದಿಂದ ದೂರ ಆಗ್ತದೆ ಅಂತ.”

ಲ್ಯಾಪ್‌ಟಾಪಿನಲ್ಲಿ ಏನನ್ನೋ ಟೈಪ್ ಮಾಡುತ್ತಲೇ ಅವನು ಮುಂದುವರಿಸಿದ.

“ಪ್ರಭಕ್ಕ ಇನ್ನೊಂದು ಮಾತೂ ಹೇಳಿದ್ರು. ಭಟ್ರ ನಾಲಿಗೆ ನಮ್ಮ ಯಾರಿಗೂ ಇಲ್ಲ, ಆದರೆ ಇಲ್ಲಿ ನಾನಿದ್ದೇನಲ್ಲ, ಅದಕ್ಕೆ ಮುಚ್ಚಿಡ್ತಾರೆ. ಅಲ್ಲಿಗೆ ಕಳಿಸಿ, ಅಲ್ಲಿ ಯಾರಿಂದ ಮುಚ್ಚಿಡ್ತಾರೆ, ಅಂತ.”

ತಿಂಗಳುಗಟ್ಟಲೆ ನಾನು ನಿದ್ದೆಗೆಟ್ಟು ಬಯಸಿದ ಕುರ್ಚಿಯನ್ನು ಅವಳು ಸೀವುಡ್ಸ್ ದಾರಿಯ ನೆರೂಳಿನಲ್ಲಿ ಗಾಡಿ ಬದಲಿಸುವ ತಾಪತ್ರಯಕ್ಕಾಗಿ ಬೇಡ ಎಂದಿದ್ದಳು. ಅಷ್ಟು ಸುಲಭವಾಗಿ ಬೇಡ ಎನ್ನಲು ಬರುತ್ತದಲ್ಲ ಅವಳಿಗೆ, ನನಗೆ ಈಗ ಇರುವ ಹೊಟ್ಟೆಕಿಚ್ಚು ಅದರ ಮೇಲೆ.

ಮರುದಿನ ಬೆಳಿಗ್ಗೆ ಸೀವುಡ್ಸ್ ಅಡುಗೆಮನೆಯ ಎಲ್ಲರನ್ನೂ ಕರೆದು ಹಿತ್ತಾಳೆ ಕುಡ್ತೆಯನ್ನು ತಕ್ಕಡಿಯ ಪಕ್ಕದಲ್ಲಿಟ್ಟೆ. ಹುಡಿ ತುಂಬಿ ತೂಕ ಮಾಡಿ ತೋರಿಸಿದೆ. ಒಂದು ಕುಡ್ತೆಗೆ ಎಪ್ಪತ್ತೈದು ಗ್ರಾಮ್, ಅವಳು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಎಂದು ಆಗಲೂ ಅನ್ನಿಸಿತು. ಆಮೇಲೆ ಕಾರ್ಡು ಬರೆಯಲು ಕುಳಿತೆ. ಮೇಲೆ ‘ವಿಷ್ಣುಮೂರ್ತಿ ಭಟ್ಟರ ಸಾಂಬಾರು’ ಎಂದು ದೊಡ್ಡದಾಗಿ ಬರೆದೆ, ಅದನ್ನಂತೂ ಬಿಡಲಾರೆ. ಕೆಳಗೆ ‘ತೂಕ ಕಂಡುಹಿಡಿದವರು ಪ್ರಭಾ’ ಎಂದೂ ಬರೆದೆ. ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆದೆ.